ಮುಂಗಡ ಹೊಂದಿಕೆಯೂ ಮರುಹೊಂದಿಕೆಯೂ
(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಹಿಡುವಳಿದಾರರ ಹಾಗೂ ಗ್ರಾಮಮುಖಂಡರ ತಿಳಿವಳಿಕೆಗಾಗಿ)

೧. ಪೀಠಿಕೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಾಘ್ನಿ ಮೊದಲಾದ ಹೊಳೆಗಳು ಈ ಸೀಮೆಯನ್ನು ಹಾದುಹೋದರೂ ಮಳೆಗಾಲದ ಹೊರತು ಅವುಗಳಲ್ಲಿ ನೀರನ್ನು ಕಾಣುವುದು ಅಪರೂಪ. ವರ್ಷದ ಮಳೆಯ ಸರಾಸರಿ ೭೦೦ರಿಂದ ೭೫೦ ಮಿಲಿಮೀಟರು, ಎಂದರೆ ೨೮ರಿಂದ ೩೦ ಅಂಗುಲ ಮಾತ್ರ. ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುವುದು. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಕೈಕೊಟ್ಟರೆ ಆ ವರ್ಷದ ಬೆಳೆಯೂ ಕೆರೆಯೂ ಒಟ್ಟಿಗೆ ಬರಿದಾಗುವುವು.

ಸರಾಸರಿಯೆಂಬುದು ಲೆಕ್ಕದ ಪುಸ್ತಕದಲ್ಲಿ ಇರುವುದೇ ಹೊರತು ಹೊಲದ ಮೇಲೆ ಬೀಳುವುದಿಲ್ಲ. ೨೦೨೧ರ ನವೆಂಬರಿನಲ್ಲಿ ಎಡೆಬಿಡದೆ ಮಳೆ ಸುರಿದು, ಬಹುಕಾಲ ಬತ್ತಿದ್ದ ಕೆರೆಗಳು ಕೋಡಿ ಹರಿದುವು. ಕಟಾವಿಗೆ ಬಂದಿದ್ದ ರಾಗಿ ನೆಲಕ್ಕೊರಗಿ ತೆನೆಯಲ್ಲಿಯೇ ಮೊಳೆಯಿತು. ಎರಡೇ ವರ್ಷಗಳ ತರುವಾಯ, ೨೦೨೩ರಲ್ಲಿ, ಕರ್ನಾಟಕದ ೨೩೬ ತಾಲ್ಲೂಕುಗಳ ಪೈಕಿ ೨೨೩ ಬರಪೀಡಿತವೆಂದು ಸಾರಲ್ಪಟ್ಟುವು. ಇಂತಹ ಸೀಮೆಯಲ್ಲಿ ಬೇಸಾಯ ಮಾಡುವವನು ಕಾಲಕ್ಕೆ ತಕ್ಕಂತೆ ತನ್ನ ಏರ್ಪಾಡುಗಳನ್ನು ಹೊಂದಿಸಿಕೊಳ್ಳಲೇಬೇಕು. ಆದರೆ ಹೊಂದಿಸಿಕೊಳ್ಳುವ ಕಾಲ ಎರಡು ಬಗೆಯಾದುದು. ಬೀಜವು ನೆಲಕ್ಕೆ ಬೀಳುವುದಕ್ಕೆ ಮೊದಲು ಮಾಡುವುದು ಒಂದು. ಬಿದ್ದ ಮೇಲೆ ಮಾಡುವುದು ಇನ್ನೊಂದು. ಇವುಗಳ ಭೇದವನ್ನು ಅರಿಯದೆ ಒಂದನ್ನು ಇನ್ನೊಂದರ ಸ್ಥಳದಲ್ಲಿ ಮಾಡುವುದರಿಂದ ಉಂಟಾಗುವ ನಷ್ಟವನ್ನು ವಿವರಿಸುವುದೇ ಈ ಕರಪತ್ರದ ಉದ್ದೇಶ.

೨. ಎರಡರ ಭೇದ

ಸಾಗುವಳಿಗೆ ಕೈಹಚ್ಚುವ ಮೊದಲು, ಇರುವ ನೀರು, ಉಳಿದಿರುವ ಕಾಲ, ಕೈಯಲ್ಲಿರುವ ಬಂಡವಾಳ ಇವುಗಳನ್ನು ಎಣಿಸಿ ಬೆಳೆಯ ವಿಸ್ತೀರ್ಣವನ್ನೂ ಜಾತಿಯನ್ನೂ ಗೊತ್ತುಮಾಡುವುದಕ್ಕೆ ಮುಂಗಡ ಹೊಂದಿಕೆ ಎಂದು ಹೆಸರಿಡಬಹುದು. ಬೆಳೆ ನಿಂತ ಮೇಲೆ ಮಳೆ ತಪ್ಪಿದಾಗಲೋ ನೀರು ಸಾಲದೆ ಹೋದಾಗಲೋ ಇರುವುದನ್ನು ಉಳಿಸಿಕೊಳ್ಳಲು ಮಾಡುವ ಮಾರ್ಪಾಡು ಮರುಹೊಂದಿಕೆ.

ಮುಂಗಡ ಹೊಂದಿಕೆಯಲ್ಲಿ ಬಿಟ್ಟುಕೊಡುವುದು ಆಸೆಯನ್ನು ಮಾತ್ರ. ಹೊಲಕ್ಕೆ ಇನ್ನೂ ಗೊಬ್ಬರ ಹೋಗಿಲ್ಲ, ನಾಟಿಯ ಕೂಲಿ ಕೊಟ್ಟಿಲ್ಲ, ಸಾಲದ ಪತ್ರಕ್ಕೆ ರುಜು ಬಿದ್ದಿಲ್ಲ. ಮರುಹೊಂದಿಕೆಯಲ್ಲಿಯಾದರೋ ಬಿಟ್ಟುಕೊಡಬೇಕಾದದ್ದು ಆಗಲೇ ವೆಚ್ಚವಾದ ಹಣವನ್ನೂ ದುಡಿಮೆಯನ್ನೂ. ಇದು ಮೊದಲನೆಯ ಭೇದ.

ಎರಡನೆಯ ಭೇದವು ಇದಕ್ಕಿಂತಲೂ ಮುಖ್ಯವಾದುದು. ಮೊದಲೇ ಮಾಡುವ ಕಡಿತವನ್ನು ಊರಿನವರೆಲ್ಲರೂ ಸಮನಾಗಿ ಹಂಚಿಕೊಳ್ಳಬಹುದು. ಆಮೇಲೆ ಮಾಡುವ ಕಡಿತವು ಹೆಚ್ಚಾಗಿ ಒಬ್ಬನ ಮೇಲೆಯೇ ಬೀಳುವುದು; ಆ ಒಬ್ಬನು ಕಾಲುವೆಯ ಕೊನೆಯ ಮಡಿಯವನು. ತೂಬಿನ ಬಳಿಯ ಗದ್ದೆಗೆ ನೀರು ತಾನಾಗಿ ಹರಿಯುವುದು. ಕೊನೆಯ ಗದ್ದೆಗೆ ಇತರರು ಬಿಟ್ಟರೆ ಮಾತ್ರ ಹೋಗುವುದು. ಹಸಿರಾಗಿ ನಿಂತ ಪೈರು ಕಣ್ಣೆದುರಿಗೆ ಬಾಡುತ್ತಿರುವಾಗ ಯಾವನೂ ತನ್ನ ಮಡಿಯ ಬಾಯನ್ನು ಸುಲಭವಾಗಿ ಕಟ್ಟಲಾರನು. ಆದಕಾರಣ ನ್ಯಾಯವನ್ನು ನೆಲವು ಬರಿದಾಗಿರುವಾಗಲೇ ಗೊತ್ತುಮಾಡಬೇಕು.

ಹೀಗೆಂದ ಮಾತ್ರಕ್ಕೆ ಮರುಹೊಂದಿಕೆಯು ಬೇಡವೆಂದು ತಿಳಿಯಕೂಡದು. ಕೆರೆಯಲ್ಲಿ ನಿಂತ ನೀರನ್ನು ಅಳೆಯಬಹುದು. ಮುಂದೆ ಬೀಳುವ ಮಳೆಯನ್ನು ಅಳೆಯಲಾಗದು. ತಿಳಿಯಬಹುದಾದುದಕ್ಕೆ ಮುಂಗಡ ಹೊಂದಿಕೆಯೂ, ತಿಳಿಯಲಾಗದುದಕ್ಕೆ ಮರುಹೊಂದಿಕೆಯೂ ಸಲ್ಲುವುವು. ಕೆರೆಯು ಮೊದಲನೆಯದಕ್ಕೂ ಖುಷ್ಕಿಯ ರಾಗಿಯು ಎರಡನೆಯದಕ್ಕೂ ತಕ್ಕ ನಿದರ್ಶನಗಳು.

೩. ಕೆರೆಯ ನೀರು ಮತ್ತು ದಾಮಾಷಾ ಪದ್ಧತಿ

ಕೋಲಾರ ಸೀಮೆಯ ಹಿರಿಯರು ಈ ವಿಷಯವನ್ನು ಚೆನ್ನಾಗಿ ಅರಿತಿದ್ದರು. ಇಲ್ಲಿಯ ಕೆರೆಗಳಲ್ಲಿ ದಾಮಾಷಾ ಎಂಬ ಪದ್ಧತಿಯು ವಾಡಿಕೆಯಲ್ಲಿತ್ತು. ದಾಮಾಷಾ ಎಂದರೆ ಹಿಡುವಳಿಗೆ ತಕ್ಕ ಪಾಲು. ಕೆರೆ ತುಂಬದ ವರ್ಷದಲ್ಲಿ, ಇರುವ ನೀರು ಎಷ್ಟು ಎಕರೆಗೆ ಸಾಕಾಗುವುದೆಂದು ಮೊದಲು ಅಂದಾಜು ಮಾಡುವರು. ಅಷ್ಟು ವಿಸ್ತೀರ್ಣವನ್ನು ತೂಬಿಗೆ ಸಮೀಪದಲ್ಲಿ ಒಂದೇ ಕಡೆ ಗುರುತಿಸುವರು. ಆ ಭೂಮಿಯು ಯಾರ ಖಾತೆಯದೇ ಆಗಿರಲಿ, ಆ ಒಂದು ಫಸಲಿನ ಮಟ್ಟಿಗೆ ಅಚ್ಚುಕಟ್ಟಿನ ಎಲ್ಲ ಹಿಡುವಳಿದಾರರಿಗೂ ಅವರವರ ಜಮೀನಿನ ಪ್ರಮಾಣಕ್ಕೆ ಸರಿಯಾಗಿ ಅದರಲ್ಲಿ ಪಾಲು ಹಂಚುವರು. ಫಸಲು ಮುಗಿದ ಬಳಿಕ ಭೂಮಿಯು ಮೊದಲಿನಂತೆ ಖಾತೆದಾರನಿಗೆ ಸೇರುವುದು. ಸಿಂಹಳದ ಒಣನಾಡಿನ ಕೆರೆಗಳಲ್ಲಿಯೂ ಬೆತ್ಮ ಎಂಬ ಹೆಸರಿನಿಂದ ಇಂತಹುದೇ ಪದ್ಧತಿಯುಂಟು. ಬರವನ್ನು ಕಂಡ ಜನರು ಬೇರೆ ಬೇರೆ ದೇಶಗಳಲ್ಲಿ ಒಂದೇ ಉಪಾಯಕ್ಕೆ ಬಂದುದು ಗಮನಿಸತಕ್ಕ ವಿಷಯ.

ಈ ಪದ್ಧತಿಯ ಗುಣಗಳು ಎರಡು. ನೀರು ದೂರ ಹರಿಯದೆ ತೂಬಿನ ಬಳಿಯಲ್ಲಿಯೇ ಬಳಕೆಯಾಗುವುದರಿಂದ ಕಾಲುವೆಯಲ್ಲಿ ಇಂಗಿ ಹೋಗುವ ಪ್ರಮಾಣವು ಕಡಿಮೆಯಾಗುವುದು. ಮೇಲಿನವನು, ಕೊನೆಯವನು ಎಂಬ ಭೇದವು ಆ ಫಸಲಿನ ಮಟ್ಟಿಗೆ ಅಳಿದುಹೋಗುವುದು. ಅಂದು ಪಟೇಲರೂ ಹಿರಿಯರೂ ಕುಳಿತು ತೀರ್ಮಾನಿಸಿದುದನ್ನು ನೀರಗಂಟಿಯು ನಡೆಸುತ್ತಿದ್ದನು. ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು ೧೯೬೧ರ ಅಧಿನಿಯಮದ ಮೂಲಕ ರದ್ದಾದುವು. ಆದರೆ ಹಂಚಿಕೆಯ ಅಗತ್ಯವು ರದ್ದಾಗಲಿಲ್ಲ.

೪. ಅಂದಾಜು ಮಾಡುವ ಕ್ರಮ

ಸ್ವಾತಿ ಮಳೆ ಮುಗಿದು ನವೆಂಬರ್ ತಿಂಗಳು ಕಳೆಯುವ ಹೊತ್ತಿಗೆ, ಕೆರೆಗೆ ಹೊಸ ನೀರು ಬರುವುದು ಸಾಮಾನ್ಯವಾಗಿ ನಿಲ್ಲುವುದು. ಆಗ ಇರುವ ನೀರೇ ಮುಂದಿನ ಫಸಲಿನ ಸಮಸ್ತ ಬಂಡವಾಳ. ಅದನ್ನು ಕೆಳಗಿನಂತೆ ಸ್ಥೂಲವಾಗಿ ಎಣಿಸಬಹುದು.

ನೀರು ಹರಡಿರುವ ಎಕರೆಗಳನ್ನು ಏರಿಯ ಬಳಿಯ ಅತ್ಯಂತ ಹೆಚ್ಚಿನ ಆಳದ ಅಡಿಗಳಿಂದ ಗುಣಿಸಿ ಮೂರರಿಂದ ಭಾಗಿಸಬೇಕು. ಬರುವ ಮೊತ್ತವು ಎಕರೆ-ಅಡಿಗಳಲ್ಲಿ ಇರುವುದು. ಒಂದು ಎಕರೆಯ ಮೇಲೆ ಒಂದು ಅಡಿ ಎತ್ತರ ನಿಲ್ಲುವ ನೀರಿಗೆ ಒಂದು ಎಕರೆ-ಅಡಿ ಎನ್ನುವರು. ಉದಾಹರಣೆಗೆ, ಒಂದು ಕೆರೆಯಲ್ಲಿ ನೀರು ೬೦ ಎಕರೆಯಷ್ಟು ಹರಡಿ, ಏರಿಯ ಬಳಿ ೮ ಅಡಿ ಆಳವಿದೆಯೆಂದು ಭಾವಿಸೋಣ. ೬೦ನ್ನು ೮ರಿಂದ ಗುಣಿಸಿದರೆ ೪೮೦. ಅದರ ಮೂರನೆಯ ಒಂದು ಪಾಲು ೧೬೦ ಎಕರೆ-ಅಡಿ. ಬಿಸಿಲಿಗೆ ಆರುವುದು, ನೆಲಕ್ಕೆ ಇಂಗುವುದು, ದನಕರುಗಳಿಗೆ ಬೇಕಾಗುವುದು ಇವುಗಳಿಗಾಗಿ ನಾಲ್ಕನೆಯ ಒಂದು ಪಾಲನ್ನು ಕಳೆದರೆ ಉಳಿಯುವುದು ೧೨೦ ಎಕರೆ-ಅಡಿ.

ಕೆಸರುಗದ್ದೆಯ ಬತ್ತಕ್ಕೆ ಸುಮಾರು ೪ ಅಡಿ ನೀರು ಬೇಕಾಗುವುದು. ಆದುದರಿಂದ ಈ ಕೆರೆಯ ನೀರಿನಲ್ಲಿ ೩೦ ಎಕರೆ ಬತ್ತವನ್ನು ಬೆಳೆಯಬಹುದು. ನೀರಾವರಿಯ ರಾಗಿಗೆ ಕಾಲುವೆಯ ನಷ್ಟವೂ ಸೇರಿ ಒಂದೂವರೆ ಅಡಿ ಎಂದು ಹಿಡಿದರೆ ಅದೇ ನೀರಿನಲ್ಲಿ ೮೦ ಎಕರೆ ರಾಗಿಯಾಗುವುದು. ಅಚ್ಚುಕಟ್ಟು ೧೦೦ ಎಕರೆಯಾಗಿದ್ದರೆ, ದಾಮಾಷಾ ಪ್ರಕಾರ ಒಂದು ಎಕರೆಯ ಹಿಡುವಳಿದಾರನಿಗೆ ಬತ್ತವಾದರೆ ೧೨ ಗುಂಟೆ, ರಾಗಿಯಾದರೆ ೩೨ ಗುಂಟೆ ದೊರೆಯುವುದು. ಈ ಎರಡು ಸಂಖ್ಯೆಗಳನ್ನು ಸಭೆಯಲ್ಲಿ ಎಲ್ಲರ ಎದುರಿಗೆ ಓದಿ ಹೇಳಿದರೆ, ಯಾವ ಬೆಳೆಯನ್ನು ಇಡಬೇಕೆಂಬ ವಾದವು ಬಹುಮಟ್ಟಿಗೆ ತಾನಾಗಿಯೇ ತೀರುವುದು.

ಕೆರೆಯಲ್ಲಿ ಹೂಳು ತುಂಬಿದ್ದರೆ ಹಿಂದಿನವರು ತೂಬಿನ ಕಲ್ಲಿನ ಮೇಲೆ ಗುರುತಿಟ್ಟ ಲೆಕ್ಕವು ಈಗ ಸರಿಹೋಗದು. ನೀರಿನ ಮಟ್ಟವು ಹಳೆಯ ಗುರುತನ್ನು ಮುಟ್ಟಿದರೂ ಕೆಳಗೆ ಇರುವುದು ಮಣ್ಣು. ಆದಕಾರಣ ಆಳವನ್ನು ಗಳುವಿನಿಂದ ಹಲವು ಸ್ಥಳಗಳಲ್ಲಿ ಅಳೆದೇ ನೋಡತಕ್ಕದ್ದು.

೫. ಮೊದಲು ಎಣಿಸದಿದ್ದರೆ ಆಗುವುದೇನು

ಅದೇ ಕೆರೆಯ ಕೆಳಗೆ ೧೦೦ ಎಕರೆಗೂ ಬತ್ತವನ್ನು ನಾಟಿಮಾಡಿದರೆ ಎಕರೆಗೆ ದೊರೆಯುವುದು ೧.೨ ಅಡಿ ನೀರು, ಎಂದರೆ ಬೇಕಾದುದರಲ್ಲಿ ಹತ್ತರಲ್ಲಿ ಮೂರು ಪಾಲು. ೧೨೦ ದಿವಸಗಳ ಪೈರಿಗೆ ದಿನದಿನವೂ ಸಮನಾಗಿ ನೀರು ಕೊಟ್ಟರೂ ೩೬ ದಿವಸಗಳಿಗೆ ಕೆರೆ ಬರಿದಾಗುವುದು. ಕೆಸರು ಮಾಡುವುದಕ್ಕೆ ಮೊದಲೇ ಹೆಚ್ಚು ನೀರು ಹಿಡಿಯುವುದರಿಂದ ನಿಜವಾಗಿ ಅಷ್ಟು ದಿವಸವೂ ಬಾರದು.

ಈ ಸ್ಥಿತಿಯಲ್ಲಿ ಮರುಹೊಂದಿಕೆ ಆರಂಭವಾಗುವುದು. ಮೊದಲು ಸರದಿಯನ್ನು ದಿನ ಬಿಟ್ಟು ದಿನ ಮಾಡುವರು. ಆಮೇಲೆ ಮೂರು ದಿನಕ್ಕೊಮ್ಮೆ. ತರುವಾಯ ಕೊನೆಯ ಮಡಿಗಳಿಗೆ ನೀರು ತಲಪುವುದೇ ನಿಲ್ಲುವುದು. ರಾತ್ರಿಯಲ್ಲಿ ಮಡಿಯ ಬಾಯಿ ಒಡೆಯುವುದು, ನೀರು ಬಿಡುವವನನ್ನು ಗದರಿಸುವುದು, ಪೋಲೀಸು ಠಾಣೆಗೆ ಹೋಗುವುದು ಇವೆಲ್ಲವೂ ಹಿಂಬಾಲಿಸುವುವು. ಕೊನೆಗೆ ತೂಬಿನ ಬಳಿಯ ೨೫-೩೦ ಎಕರೆ ಉಳಿಯುವುದು. ನೀರು ೩೦ ಎಕರೆಗೆ ಮಾತ್ರ ಸಾಕೆಂಬುದು ಮೊದಲೂ ಸತ್ಯವಾಗಿತ್ತು, ಕೊನೆಯಲ್ಲಿಯೂ ಸತ್ಯವಾಯಿತು. ವ್ಯತ್ಯಾಸವೇನೆಂದರೆ, ಮೊದಲು ಎಣಿಸಿದ್ದರೆ ಆ ೩೦ ಎಕರೆಯ ಫಸಲು ನೂರು ಎಕರೆಯ ಹಿಡುವಳಿದಾರರೆಲ್ಲರಿಗೂ ಸೇರುತ್ತಿತ್ತು. ಎಣಿಸದೆ ಹೋದುದರಿಂದ ಅದು ಕೆಲವರ ಮನೆಗೆ ಹೋಯಿತು, ಉಳಿದವರಿಗೆ ಸಾಲ ಉಳಿಯಿತು.

ಇಲ್ಲಿ ಗ್ರಾಮಮುಖಂಡರು ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಊರಿನಲ್ಲಿ ಮಾತು ನಡೆಯುವವರ ಜಮೀನು ಅನೇಕ ಕಡೆ ತೂಬಿಗೆ ಸಮೀಪದಲ್ಲಿಯೇ ಇರುವುದು. ಎಣಿಸದೆ ಬಿಡುವುದರಿಂದ ಅಂತಹವರಿಗೆ ನಷ್ಟವಿಲ್ಲ. ದಾಮಾಷಾಕ್ಕೆ ಒಪ್ಪುವುದರಲ್ಲಿ ಅವರಿಗೆ ಲಾಭವೂ ಕಾಣದು. ಆದುದರಿಂದಲೇ ಈ ಕೆಲಸವನ್ನು ಮುಖಂಡರು ತಾವೇ ಮುಂದೆ ಬಂದು ಮಾಡದ ಹೊರತು ಯಾರೂ ಮಾಡಲಾರರು. ತೂಬಿನ ಬಳಿಯ ತನ್ನ ಗದ್ದೆಯನ್ನು ಒಂದು ಫಸಲಿಗೆ ಪಾಲಿಗೆ ಬಿಟ್ಟ ಮುಖಂಡನ ಮಾತು ಮುಂದಿನ ಹತ್ತು ವ್ಯಾಜ್ಯಗಳಲ್ಲಿ ನಡೆಯುವುದು.

೬. ಖುಷ್ಕಿಯ ರಾಗಿ

ರಾಗಿಯ ಸಂಗತಿ ಬೇರೆ. ಬಿತ್ತುವ ದಿವಸದಲ್ಲಿ ಮುಂದಿನ ನಾಲ್ಕು ತಿಂಗಳ ಮಳೆಯನ್ನು ಯಾರೂ ಎಣಿಸಲಾರರು. ಆದರೆ ಎಣಿಸಬಹುದಾದುದು ಒಂದಿದೆ. ಅದು ಉಳಿದಿರುವ ಕಾಲ. ತೆನೆ ಹೊರಡುವ ಹೊತ್ತಿಗೆ ನೆಲದಲ್ಲಿ ಹದವಿರಬೇಕು. ಕಾಳು ಬಲಿತು ಕೊಯ್ಯುವ ಹೊತ್ತಿಗೆ ಆಕಾಶವು ತಿಳಿಯಾಗಿರಬೇಕು. ಇದಕ್ಕೆ ಸರಿಯಾಗಿ ಜಾತಿಯನ್ನು ಆರಿಸತಕ್ಕದ್ದು.

(ಅ) ಆರಿದ್ರ, ಪುನರ್ವಸು ಮಳೆಗಳಲ್ಲಿ, ಎಂದರೆ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಬಿತ್ತನೆಯಾದರೆ, ೧೨೦ರಿಂದ ೧೨೫ ದಿವಸಗಳ ದೀರ್ಘಾವಧಿಯ ಎಂ.ಆರ್.-೧, ಎಂ.ಆರ್.-೬, ಎಲ್-೫ ಮೊದಲಾದ ಜಾತಿಗಳು ತಕ್ಕವು.

(ಆ) ಪುಷ್ಯ ಮಳೆಯಲ್ಲಿಯೂ ಆಶ್ಲೇಷದ ಮೊದಲ ಭಾಗದಲ್ಲಿಯೂ, ಎಂದರೆ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ, ೧೧೦ರಿಂದ ೧೧೫ ದಿವಸಗಳ ಜಿ.ಪಿ.ಯು.-೨೮ ಒಳ್ಳೆಯದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಹೊರಬಂದ ಈ ಜಾತಿಯು ಬೆಂಕಿರೋಗವನ್ನು ತಡೆದುಕೊಳ್ಳುವುದು.

(ಇ) ಆಮೇಲೆ ಮಖೆ ಮಳೆಯ ಕೊನೆಯವರೆಗೆ, ೯೫ರಿಂದ ೧೦೫ ದಿವಸಗಳಲ್ಲಿ ಬರುವ ಜಿ.ಪಿ.ಯು.-೪೮, ಜಿ.ಪಿ.ಯು.-೪೫ ಮುಂತಾದ ಅಲ್ಪಾವಧಿಯ ಜಾತಿಗಳನ್ನು ಮಾತ್ರ ಬಿತ್ತತಕ್ಕದ್ದು. ಇಲ್ಲವೆ ಬೆಳೆದ ಪೈರನ್ನು ನಾಟಿಮಾಡತಕ್ಕದ್ದು.

(ಈ) ಅದೂ ತಪ್ಪಿದರೆ ರಾಗಿಯ ಆಸೆಯನ್ನು ಬಿಟ್ಟು ಸೆಪ್ಟೆಂಬರಿನಲ್ಲಿ ಹುರುಳಿಯನ್ನು ಬಿತ್ತಬೇಕು.

ಈ ಕ್ರಮಕ್ಕೆ ಕಾರಣವು ಸುಲಭವಾಗಿ ತಿಳಿಯುವಂತಹುದು. ಆಗಸ್ಟ್ ೨೦ರಂದು ದೀರ್ಘಾವಧಿಯ ರಾಗಿಯನ್ನು ಬಿತ್ತಿದರೆ ತೆನೆ ಹೊರಡುವುದು ನವೆಂಬರ್ ಎರಡನೆಯ ವಾರದ ಹೊತ್ತಿಗೆ. ಆಗ ಮಳೆ ಹಿಂದೆಗೆದು ಇಬ್ಬನಿ ಮಾತ್ರ ಉಳಿದಿರುವುದು. ಅದೇ ದಿವಸ ಅಲ್ಪಾವಧಿಯ ಬೀಜವನ್ನು ಹಾಕಿದರೆ ಅಕ್ಟೋಬರ್ ಮೂರನೆಯ ವಾರದಲ್ಲಿ, ಚಿತ್ತೆಯ ಮಳೆಯಲ್ಲಿಯೇ ತೆನೆ ಹೊರಡುವುದು. ಇದಕ್ಕೆ ವಿರುದ್ಧವಾಗಿ ಅಲ್ಪಾವಧಿಯ ರಾಗಿಯನ್ನು ಜೂನ್ ತಿಂಗಳಲ್ಲಿಯೇ ಬಿತ್ತಿದರೆ ಅದು ಸೆಪ್ಟೆಂಬರ್-ಅಕ್ಟೋಬರಿನ ಜಡಿಮಳೆಯಲ್ಲಿ ಕೊಯ್ಲಿಗೆ ಬಂದು ತೆನೆಯಲ್ಲಿಯೇ ಮೊಳೆಯುವುದು.

ಕೂರಿಗೆಯ ಬಿತ್ತನೆಗೆ ಎಕರೆಗೆ ಬೇಕಾಗುವ ಬೀಜ ೪ರಿಂದ ೫ ಕಿಲೋಗ್ರಾಮು. ಆದುದರಿಂದ ಎರಡು ಅವಧಿಯ ಬೀಜಗಳನ್ನು ಮೊದಲೇ ಮನೆಯಲ್ಲಿ ಇಟ್ಟುಕೊಳ್ಳುವುದು ದೊಡ್ಡ ವೆಚ್ಚವಲ್ಲ. ಮಳೆ ತಡವಾದ ಮೇಲೆ ಬೀಜಕ್ಕಾಗಿ ಪೇಟೆಗೆ ಓಡುವವನಿಗೆ ಸಿಕ್ಕಿದ ಬೀಜವೇ ಗತಿ. ಎರಡನೆಯ ಚೀಲವು ಬಳಕೆಯಾಗದೆ ಉಳಿದರೆ ಹಿಟ್ಟಿಗೆ ಬರುವುದು, ಆದರೆ ಔಷಧ ಬೆರೆಸಿದ ಬೀಜವನ್ನು ಮಾತ್ರ ಎಂದಿಗೂ ಊಟಕ್ಕೆ ಬಳಸಕೂಡದು.

ಬಾವಿಯ ಸೌಕರ್ಯವಿರುವವರು ಜುಲೈ ತಿಂಗಳಲ್ಲಿ ಸಣ್ಣದೊಂದು ಒಟ್ಟಲನ್ನು ಹಾಕಿಡುವುದು ಇನ್ನೂ ಉತ್ತಮ. ಎಕರೆಯ ನಾಟಿಗೆ ೨ ಕಿಲೋಗ್ರಾಮು ಬೀಜ ಸಾಕು. ೨೦ರಿಂದ ೨೫ ದಿವಸಗಳ ಪೈರನ್ನು ಆಗಸ್ಟಿನ ಮಳೆಗೆ ನೆಟ್ಟರೆ ತಪ್ಪಿಹೋದ ಮೂರು ವಾರಗಳು ಮರಳಿ ಕೈಗೆ ಬಂದಂತಾಗುವುದು.

ಅಕ್ಕಡಿ ಸಾಲು ಹಾಕುವ ಹಿಂದಿನವರ ವಾಡಿಕೆಯೂ ಮುಂಗಡ ಹೊಂದಿಕೆಯೇ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯನ್ನೋ ಒಂದು ಸಾಲು ಅವರೆಯನ್ನೋ ಸಡ್ಡೆಯಲ್ಲಿ ಹಾಕಿದರೆ, ರಾಗಿ ಒಣಗಿದ ವರ್ಷದಲ್ಲಿ ಬೇರು ಆಳಕ್ಕೆ ಇಳಿಸುವ ತೊಗರಿಯು ಹಿಂಗಾರಿನ ಒಂದು ಮಳೆಗೆ ಚೇತರಿಸಿಕೊಳ್ಳುವುದು. ಹೊಲವನ್ನೆಲ್ಲ ಒಂದೇ ಬೆಳೆಗೆ ಕೊಟ್ಟವನಿಗೆ ಮರುಹೊಂದಿಕೆಗೆ ಹೊಲದಲ್ಲಿ ಏನೂ ಉಳಿದಿರುವುದಿಲ್ಲ.

೭. ಮರುಹೊಂದಿಕೆಯ ಸಮಯವನ್ನು ಮೊದಲೇ ಗೊತ್ತುಮಾಡುವುದು

ಬೆಳೆ ನಿಂತ ಮೇಲೆ ಮಳೆ ಹಿಂದೆಗೆದರೆ ಮಾಡತಕ್ಕ ಕೆಲಸಗಳು ಹಲವಿವೆ. ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಿಸಿದರೆ ಒಳಗಿನ ಹದವು ಆರದು. ಕಳೆಯನ್ನು ಕಿತ್ತರೆ ಅದು ಕುಡಿಯುವ ನೀರು ಪೈರಿಗೆ ಉಳಿಯುವುದು. ದಟ್ಟವಾಗಿರುವ ಕಡೆ ಪೈರನ್ನು ತೆಳುಮಾಡಿ, ಮಳೆ ಬಿದ್ದ ಕೂಡಲೇ ಆ ಪೈರಿನಿಂದಲೇ ಬರಿದಾದ ಕಡೆ ತುಂಬಬಹುದು. ಸಾರಜನಕದ ಗೊಬ್ಬರವನ್ನು ಒಂದೇ ಸಲ ಹಾಕದೆ, ಅರ್ಧವನ್ನು ಬಿತ್ತನೆಯಲ್ಲಿ ಹಾಕಿ ಉಳಿದರ್ಧವನ್ನು ಸುಮಾರು ಒಂದು ತಿಂಗಳಿನ ಬಳಿಕ ಮಳೆಯನ್ನು ನೋಡಿ ಮೇಲುಗೊಬ್ಬರವಾಗಿ ಕೊಡತಕ್ಕದ್ದು. ಮಳೆ ಬಾರದಿದ್ದರೆ ಆ ಹಣ ಉಳಿಯುವುದು.

ಈ ಕೊನೆಯ ಕ್ರಮವನ್ನು ವಿಶೇಷವಾಗಿ ಗಮನಿಸಬೇಕು. ಗೊಬ್ಬರವನ್ನು ಎರಡು ಪಾಲು ಮಾಡಿದುದು ಮುಂಗಡ ಹೊಂದಿಕೆ. ಎರಡನೆಯ ಪಾಲನ್ನು ಕೊಡುವುದು ಅಥವಾ ತಡೆಯುವುದು ಮರುಹೊಂದಿಕೆ. ಮೊದಲನೆಯದನ್ನು ಮಾಡದವನಿಗೆ ಎರಡನೆಯದು ಸಾಧ್ಯವಿಲ್ಲ. ಒಳ್ಳೆಯ ಮರುಹೊಂದಿಕೆಗೆ ಬೇಕಾದ ಎಡೆಯನ್ನು ಮೊದಲೇ ಬಿಟ್ಟಿರಬೇಕು. ಅಷ್ಟೇ ಅಲ್ಲದೆ, ಯಾವ ಗುರುತನ್ನು ಕಂಡಾಗ ಏನು ಮಾಡತಕ್ಕದ್ದೆಂಬುದನ್ನೂ ಮೊದಲೇ ಗೊತ್ತುಮಾಡಿರಬೇಕು. ಕಷ್ಟವು ಬಂದು ನಿಂತ ಮೇಲೆ ಆಲೋಚಿಸುವವನು, ಇಂದು ಮಳೆ ಬಂದೀತು, ನಾಳೆ ಬಂದೀತು ಎಂದು ದಿನಗಳನ್ನು ಕಳೆಯುವನು.

ಇದಕ್ಕೆ ಈ ದೇಶದ ಚರಿತ್ರೆಯಲ್ಲಿಯೇ ದೊಡ್ಡ ನಿದರ್ಶನವುಂಟು. ೧೮೭೬ರಿಂದ ೧೮೭೮ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಸುಮಾರು ೫೦ ಲಕ್ಷ ಜನರಲ್ಲಿ ಸುಮಾರು ೧೦ ಲಕ್ಷ ಮಂದಿ ಮಡಿದರು. ಹಸಿದ ಜನರು ದಾರಿಗೆ ಬಿದ್ದ ಮೇಲೆ ಗಂಜಿಯ ಕೇಂದ್ರಗಳನ್ನೂ ಕೂಲಿಯ ಕೆಲಸಗಳನ್ನೂ ಹುಡುಕಿದುದು ತಡವಾಯಿತು. ೧೮೮೦ರ ಕ್ಷಾಮ ಆಯೋಗದ ವರದಿಯ ತರುವಾಯ ಕ್ಷಾಮ ಸಂಹಿತೆಗಳು ರಚಿತವಾದುವು. ಯಾವ ಲಕ್ಷಣಗಳು ಕಂಡಾಗ ಪರೀಕ್ಷಾರ್ಥವಾಗಿ ಕೆಲಸವನ್ನು ತೆರೆಯಬೇಕು, ಯಾವ ಕಾಮಗಾರಿಗಳನ್ನು ಸಿದ್ಧವಾಗಿ ಪಟ್ಟಿಮಾಡಿ ಇಟ್ಟಿರಬೇಕು ಎಂಬುದನ್ನು ಒಳ್ಳೆಯ ವರ್ಷದಲ್ಲಿಯೇ ಬರೆದಿಡುವುದು ಅವುಗಳ ಮುಖ್ಯ ತತ್ತ್ವ. ರಾಜ್ಯಕ್ಕೆ ಸಲ್ಲುವ ಈ ತತ್ತ್ವವು ಐದು ಎಕರೆಯ ಹಿಡುವಳಿಗೂ ಸಲ್ಲುವುದು. "ಆಗಸ್ಟ್ ೧೦ರೊಳಗೆ ಹದಮಳೆ ಬಾರದಿದ್ದರೆ ಮೇಲಿನ ಹೊಲಕ್ಕೆ ಅಲ್ಪಾವಧಿಯ ಬೀಜ, ೩೦ರೊಳಗೆ ಬಾರದಿದ್ದರೆ ಹುರುಳಿ" ಎಂದು ಗೋಡೆಯ ಪಂಚಾಂಗದಲ್ಲಿಯೇ ಜೂನ್ ತಿಂಗಳಲ್ಲಿ ಬರೆದಿಟ್ಟರೆ ಸಾಕು.

೮. ಕೊಳವೆಬಾವಿ

ಇಂದು ಈ ತಾಲ್ಲೂಕುಗಳಲ್ಲಿ ಅನೇಕ ಕೆರೆಗಳ ತೂಬುಗಳು ಮುಚ್ಚಿವೆ. ಕೆರೆಯ ನೀರು ಇಂಗಿ ಬಾವಿಗಳಿಗೆ ಬರಲೆಂದು ಊರಿನವರೇ ಹಾಗೆ ಮಾಡಿರುವ ಸ್ಥಳಗಳೂ ಉಂಟು. ೨೦೧೮ರ ಜೂನ್ ತಿಂಗಳಿನಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯತೊಡಗಿತು. ಆ ಯೋಜನೆಯ ಉದ್ದೇಶವೂ ಅಂತರ್ಜಲವನ್ನು ಮರಳಿ ತುಂಬುವುದೇ ಹೊರತು ಕೆರೆಯಿಂದ ನೇರವಾಗಿ ಪಂಪಿನ ಮೂಲಕ ಹೊಲಕ್ಕೆ ಎತ್ತುವುದಲ್ಲ. ಕೇಂದ್ರ ಅಂತರ್ಜಲ ಮಂಡಳಿಯ ಗಣನೆಗಳಲ್ಲಿ ಈ ಸೀಮೆಯು ಅತಿಬಳಕೆಯ ವರ್ಗಕ್ಕೆ ಸೇರಿದೆ. ಸಾವಿರ ಅಡಿಗೂ ಮೀರಿ ಕೊರೆದ ಬಾವಿಗಳು ಇಲ್ಲಿ ಸಾಮಾನ್ಯವಾಗಿವೆ.

ಬಾವಿಯ ವಿಷಯದಲ್ಲಿ ಅನೇಕರು ಮಾಡುವ ಲೋಪವೆಂದರೆ, ನವೆಂಬರಿನಲ್ಲಿ ಬರುವ ನೀರನ್ನು ನೋಡಿ ಏಪ್ರಿಲಿನ ಬೆಳೆಯನ್ನು ಇಡುವುದು. ಅಳತೆಯನ್ನು ಹೀಗೆ ಮಾಡತಕ್ಕದ್ದು: ೨೦೦ ಲೀಟರಿನ ಡ್ರಮ್ಮು ತುಂಬಲು ೧೦೦ ಸೆಕೆಂಡು ಹಿಡಿದರೆ ಬಾವಿಯ ಇಳುವರಿ ಸೆಕೆಂಡಿಗೆ ೨ ಲೀಟರು. ದಿನಕ್ಕೆ ೫ ಗಂಟೆ ವಿದ್ಯುತ್ತು ದೊರೆತರೆ ೩೬,೦೦೦ ಲೀಟರು. ಬೇಸಗೆಯಲ್ಲಿ ಒಂದು ಎಕರೆಗೆ ದಿನಕ್ಕೆ ೫ ಮಿಲಿಮೀಟರು ನೀರು ಕೊಡಲು ಸುಮಾರು ೨೦,೦೦೦ ಲೀಟರು ಬೇಕು. ಆದುದರಿಂದ ಇಂತಹ ಬಾವಿಯಲ್ಲಿ ಒಂದೂವರೆ ಎಕರೆಗಿಂತ ಹೆಚ್ಚು ಟೊಮ್ಯಾಟೋವನ್ನೋ ಇತರ ತರಕಾರಿಯನ್ನೋ ನಂಬಿ ಹಚ್ಚಕೂಡದು. ಹಿಂದಿನ ಏಪ್ರಿಲಿನಲ್ಲಿ ಅದೇ ಬಾವಿಯು ಸೆಕೆಂಡಿಗೆ ಒಂದೇ ಲೀಟರು ಕೊಟ್ಟಿದ್ದರೆ, ಹಚ್ಚಬೇಕಾದದ್ದು ಒಂದು ಎಕರೆಗೂ ಕಡಿಮೆ.

ಹೀಗೆ ಮೊದಲು ಕಡಿತಮಾಡದವನು ಮಾರ್ಚಿಯಲ್ಲಿ ಮಾಡುವ ಮರುಹೊಂದಿಕೆ ಯಾವುದೆಂದರೆ ಇನ್ನೊಂದು ಬಾವಿಯನ್ನು ಕೊರೆಯಿಸುವುದು. ನಿಂತ ಬೆಳೆಯ ಮೇಲಿನ ಮರುಕದಿಂದ, ಬೆಳೆಯ ಬೆಲೆಗಿಂತ ಹೆಚ್ಚಿನ ಸಾಲವನ್ನು ತಂದು ಬರಿಯ ಕಲ್ಲುಪುಡಿಯನ್ನು ಕಂಡ ಮನೆಗಳು ಈ ಸೀಮೆಯಲ್ಲಿ ಕಡಿಮೆಯಿಲ್ಲ. ೨೦೧೧ರ ಕರ್ನಾಟಕ ಅಂತರ್ಜಲ ಅಧಿನಿಯಮದ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಮೊದಲೇ ಅನುಮತಿ ಪಡೆಯಬೇಕಾದುದಕ್ಕೂ ಇದೇ ಕಾರಣ. ಒಬ್ಬನ ಆತುರದ ಬಾವಿಯು ನೆರೆಯವನ ಬಾವಿಯ ನೀರನ್ನೇ ಎಳೆಯುವುದು.

೯. ಏರಿ, ಕೋಡಿ ಮತ್ತು ಕೆಳಗಿನ ಊರು

ಈ ತಾಲ್ಲೂಕುಗಳ ಕೆರೆಗಳು ಒಂದರ ಕೆಳಗೊಂದು ಸರಣಿಯಾಗಿ ಇವೆ. ಮೇಲಿನ ಕೆರೆಯ ಕೋಡಿಯ ನೀರೇ ಕೆಳಗಿನ ಕೆರೆಗೆ ಬಂಡವಾಳ. ಹಾಗಿರುವುದರಿಂದ ಒಂದು ಊರಿನ ಹೊಂದಿಕೆಯು ಇನ್ನೊಂದು ಊರಿಗೆ ತಟ್ಟುವುದು. ಈ ತತ್ತ್ವವು ರಾಜ್ಯಗಳ ನಡುವೆಯೂ ಮಾನ್ಯವಾಗಿತ್ತು. ೧೮೯೨ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದದಲ್ಲ��, ಪಟ್ಟಿಯಲ್ಲಿ ಕಾಣಿಸಿದ ಹೊಳೆಗಳ ಮೇಲೆ ಮೈಸೂರು ಹೊಸ ನೀರಾವರಿ ಕಾಮಗಾರಿಯನ್ನು ಕೈಗೊಳ್ಳುವ ಮೊದಲು ಮದರಾಸಿನ ಒಪ್ಪಿಗೆಯನ್ನು ಪಡೆಯಬೇಕೆಂದು ಗೊತ್ತಾಗಿತ್ತು. ಆ ಪಟ್ಟಿಯಲ್ಲಿ ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಾಘ್ನಿ ಹೊಳೆಗಳೂ ಇದ್ದುವು. ಕಟ್ಟಿದ ಮೇಲೆ ಕೆಡಹುವುದಕ್ಕಿಂತ ಕಟ್ಟುವ ಮೊದಲು ಮಾತನಾಡುವುದು ಸುಲಭವೆಂಬುದೇ ಅದರ ತಿರುಳು.

ಆದಕಾರಣ ಕೃತ್ತಿಕೆ, ರೋಹಿಣಿ ಮಳೆಗಳ ಕಾಲದಲ್ಲಿಯೇ ರಾಜಕಾಲುವೆಗಳ ಹೂಳನ್ನೂ ಗಿಡಗಂಟೆಗಳನ್ನೂ ತೆಗೆಯಬೇಕು. ಏರಿಯ ಮೇಲಿನ ಹೆಗ್ಗಣದ ಬಿಲಗಳನ್ನು ಅಗೆದು ಜೇಡಿಮಣ್ಣಿನಿಂದ ಗಟ್ಟಿಸಬೇಕು. ತೂಬಿನ ಸುತ್ತ ಜಿನುಗುವುದನ್ನು ಪರೀಕ್ಷಿಸಬೇಕು. ಹೆಚ್ಚು ನೀರು ನಿಲ್ಲಲೆಂದು ಕೋಡಿಗೆ ಕಲ್ಲುಮಣ್ಣು ಹಾಕಿ ಎತ್ತರಿಸುವುದು ಎಂದಿಗೂ ಕೂಡದು. ೨೦೨೧ರ ನವೆಂಬರಿನಂತಹ ಮಳೆಯಲ್ಲಿ ಆ ನೀರು ಏರಿಯ ಮೇಲೆ ಹತ್ತುವುದು; ಆಗ ಉಳಿಯುವ ಮರುಹೊಂದಿಕೆಯು ಏರಿಯನ್ನು ಕಡಿಯುವುದೊಂದೇ. ಮೇಲಿನ ಏರಿ ಹೋದರೆ ಕೆಳಗಿನ ಏರಿಯೂ ಅದರ ಹಿಂದೆಯೇ ಹೋಗುವ ಸಂಭವವುಂಟು.

೧೦. ಎರಡು ಆಕ್ಷೇಪಗಳು

ಕಡಿತಮಾಡಿದ ಮೇಲೆ ಅಕಾಲದಲ್ಲಿ ಮಳೆ ಬಂದು ಕೆರೆ ತುಂಬಿದರೆ ಬಿಟ್ಟ ನೆಲವು ವ್ಯರ್ಥವಾಗಲಿಲ್ಲವೇ ಎಂದು ಕೆಲವರು ಕೇಳುವರು. ಬಿಟ್ಟ ನೆಲದಲ್ಲಿ ಹದ ನೋಡಿ ಹುರುಳಿಯನ್ನೋ ಮೇವಿನ ಜೋಳವನ್ನೋ ಆಮೇಲೆಯೂ ಬಿತ್ತಬಹುದು. ಆದರೆ ಒಣಗಿದ ಬತ್ತದ ಪೈರಿಗೆ ಹಾಕಿದ ಹಣವು ಎಂತಹ ಮಳೆಗೂ ಮರಳಿ ಬಾರದು. ಕಡಿಮೆ ಹಚ್ಚಿದವನಿಗೆ ತಪ್ಪುವುದು ಲಾಭದ ಒಂದು ಪಾಲು. ಹೆಚ್ಚು ಹಚ್ಚಿದವನಿಗೆ ತಪ್ಪುವುದು ಬಂಡವಾಳ.

ಒಮ್ಮೆ ಗೊತ್ತುಮಾಡಿದ ಮೇಲೆ ಬದಲಿಸಬಾರದೇ ಎಂಬುದು ಎರಡನೆಯ ಆಕ್ಷೇಪ. ಬದಲಿಸಬಹುದು, ಆದರೆ ಮೊದಲು ಗೊತ್ತುಮಾಡಿದ ಗುರುತುಗಳ ಪ್ರಕಾರ, ಸಭೆಯಲ್ಲಿ ಹೇಳಿದ ದಿವಸದಂದು, ಎಲ್ಲರಿಗೂ ಒಂದೇ ಅಳತೆಯಿಂದ ಬದಲಿಸಬೇಕು. ಮಳೆಯ ಲಕ್ಷಣವನ್ನು ನೋಡದೆ, ಕಳೆದ ವರ್ಷ ಹೀಗೆ ಮಾಡಿದೆವು ಎಂದು ಅದನ್ನೇ ಹಿಡಿದು ಕೂರುವುದು ಮುಂಗಡ ಹೊಂದಿಕೆಯಲ್ಲ. ಅದು ಬರಿಯ ರೂಢಿ.

೧೧. ಸಾರಾಂಶ

(೧) ಕೆರೆಯ ನೀರನ್ನೂ ಬಾವಿಯ ಇಳುವರಿಯನ್ನೂ ಬಿತ್ತನೆಗೆ ಮೊದಲು ಅಳೆದು, ಅದಕ್ಕೆ ತಕ್ಕಷ್ಟೇ ವಿಸ್ತೀರ್ಣವನ್ನು ಗೊತ್ತುಮಾಡತಕ್ಕದ್ದು.

(೨) ನೀರು ಸಾಲದ ವರ್ಷದಲ್ಲಿ ದಾಮಾಷಾ ಪ್ರಕಾರ ತೂಬಿನ ಬಳಿಯ ನೆಲವನ್ನು ಎಲ್ಲರೂ ಹಂಚಿಕೊಂಡು ಬೆಳೆಯತಕ್ಕದ್ದು. ಮುಖಂಡರು ಇದಕ್ಕೆ ತಮ್ಮ ನೆಲವನ್ನು ಮೊದಲು ಬಿಡತಕ್ಕದ್ದು.

(೩) ರಾಗಿಗೆ ಎರಡು ಅವಧಿಯ ಬೀಜಗಳನ್ನು ಸಿದ್ಧವಾಗಿ ಇಟ್ಟುಕೊಂಡು, ಬಿತ್ತನೆಯ ದಿವಸಕ್ಕೆ ಸರಿಯಾದುದನ್ನು ಹಾಕತಕ್ಕದ್ದು. ಅಕ್ಕಡಿ ಸಾಲನ್ನು ಬಿಡಕೂಡದು.

(೪) ಮೇಲುಗೊಬ್ಬರ, ಪೈರು ತುಂಬುವುದು, ಹುರುಳಿಯ ಬಿತ್ತನೆ ಈ ಮರುಹೊಂದಿಕೆಗಳಿಗೆ ದಿವಸವನ್ನೂ ಗುರುತನ್ನೂ ಜೂನ್ ತಿಂಗಳಲ್ಲಿಯೇ ಬರೆದಿಡತಕ್ಕದ್ದು.

(೫) ನಿಂತ ಬೆಳೆಯನ್ನು ಉಳಿಸಲು ಸಾಲ ಮಾಡಿ ಹೊಸ ಬಾವಿಯನ್ನು ಕೊರೆಯಿಸಕೂಡದು.

(೬) ರಾಜಕಾಲುವೆ, ಏರಿ, ತೂಬು, ಕೋಡಿಗಳ ಕೆಲಸವನ್ನು ಮುಂಗಾರಿಗೆ ಮೊದಲು ಮುಗಿಸತಕ್ಕದ್ದು. ಕೋಡಿಯನ್ನು ಎತ್ತರಿಸಕೂಡದು.

ಮೇಲ್ಕಂಡ ವಿಷಯಗಳನ್ನು ಗ್ರಾಮಮುಖಂಡರು ಸ್ವಾತಿ ಮಳೆ ಮುಗಿದೊಡನೆ ಅಚ್ಚುಕಟ್ಟಿನ ಹಿಡುವಳಿದಾರರನ್ನೆಲ್ಲ ಕೂಡಿಸಿ ಓದಿಸತಕ್ಕದ್ದು. ಆ ಸಭೆಗೆ ಕಾಲುವೆಯ ಕೊನೆಯ ಮಡಿಯವರನ್ನು ತಪ್ಪದೆ ಕರೆಯಿಸತಕ್ಕದ್ದು.